ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲದಿರಲಿ: ಹೋಂಸ್ಟೇ ವೆಬ್‌ಸೈಟನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟುವ ಕ್ರಮ

ಹೋಂಸ್ಟೇಗೋ, ತೋಟದ ಕಾಫಿಪುಡಿ, ಕರಿಮೆಣಸು, ಜೇನು ಮಾರುವುದಕ್ಕೋ, ಊರಿನ ಸಂಘಕ್ಕೋ ಒಂದು ವೆಬ್‌ಸೈಟ್ ಬೇಕು. ಮನೆಯಲ್ಲಿ ನೆಟ್ ನಿಲ್ಲುವುದಿಲ್ಲ, ಮಳೆ ಶುರುವಾದರೆ ಕರೆಂಟೂ ಇರುವುದಿಲ್ಲ. ಇಂಥ ಕಡೆ ಕೂತು ವೆಬ್‌ಸೈಟ್ ಮಾಡಲು ಆಗುತ್ತದೆಯೇ? ಕೊಡಗಿನ ನಾಪೋಕ್ಲು, ಭಾಗಮಂಡಲ, ಬಿರುನಾಣಿ, ಶಾಂತಳ್ಳಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಆಗುತ್ತದೆ. ವೆಬ್‌ಸೈಟ್ ಓಡಲು ಬೇಕಾದ ಎಲ್ಲವನ್ನೂ ನಿಮ್ಮ ಕಂಪ್ಯೂಟರಿನೊಳಗೇ ಸಜ್ಜು ಮಾಡಿಕೊಳ್ಳಬೇಕು. ಇದಕ್ಕೆ ಲೋಕಲ್ ಡೆವಲಪ್‌ಮೆಂಟ್ ಎನ್‌ವಿರಾನ್‌ಮೆಂಟ್ ಎನ್ನುತ್ತಾರೆ. ಸೈಟ್ ಸಿದ್ಧವಾಗುವವರೆಗೆ ಹೋಸ್ಟಿಂಗ್‌ಗೆ, ಅಂದರೆ ಸೈಟನ್ನು ನೆಟ್ಟಿನಲ್ಲಿಡುವ ಸರ್ವರ್ ಜಾಗಕ್ಕೆ, ದುಡ್ಡು ಕಟ್ಟಬೇಕಿಲ್ಲ, ತಪ್ಪಾದರೆ ಯಾರಿಗೂ ಕಾಣುವುದಿಲ್ಲ. ಇದಕ್ಕೆ ಸಿಗುವ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಸದಾ ನೆಟ್ ಮತ್ತು ಕರೆಂಟ್ ಇರುವ ಊರಿನವರಿಗಾಗಿ ಬರೆದಂಥವು. ಕೊಡಗಿನಲ್ಲಿ ಆ ಎರಡೂ ಇಲ್ಲದ ದಿನಕ್ಕೆ ಮೊದಲೇ ಏರ್ಪಾಡು ಮಾಡಿಕೊಂಡವರ ಕೆಲಸ ಮಾತ್ರ ಮುಗಿಯುತ್ತದೆ. ಆದ್ದರಿಂದ ಇಲ್ಲಿ 1, 6 ಮತ್ತು 8ನೇ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದೆ.

ಒಂದು ಸೂಚನೆ: ಫೈಲ್, ಫೋಲ್ಡರ್, ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ, ಟೈಪ್ ಮಾಡುವಾಗಲೂ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಏನೇನು ಬೇಕು

ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್‌ನಲ್ಲಿ ಕೆಲಸ ಸಾಗುತ್ತದೆ, 8 ಜಿಬಿ ಇದ್ದರೆ ಆರಾಮ. ಡಿಸ್ಕಿನಲ್ಲಿ 10 ಜಿಬಿ ಖಾಲಿ ಜಾಗ, ಬ್ಯಾಕಪ್‌ಗೆ ಒಂದು ಪೆನ್‌ಡ್ರೈವ್. ಡೆಸ್ಕ್‌ಟಾಪ್ ಬಳಸುವವರಿಗೆ ಯುಪಿಎಸ್ ಬೇಕೇ ಬೇಕು. ಕಾರಣ 8ನೇ ಹಂತದಲ್ಲಿದೆ.

1. ಪೇಟೆಗೆ ಹೋದಾಗ ಎಲ್ಲವನ್ನೂ ಒಮ್ಮೆಲೇ ಇಳಿಸಿಕೊಳ್ಳಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಗೋಣಿಕೊಪ್ಪ, ಎಲ್ಲಿ ಒಳ್ಳೆಯ ನೆಟ್ ಸಿಗುತ್ತದೋ ಅಲ್ಲಿ ಕೂತು ಕೆಳಗಿನವನ್ನು ಡೌನ್‌ಲೋಡ್ ಮಾಡಿ. ಎಲ್ಲ ಸೇರಿ ಅರ್ಧ ಜಿಬಿಯೊಳಗೆ ಮುಗಿಯುತ್ತದೆ, ಎಲ್ಲವೂ ಉಚಿತ.

ಮೊದಲನೆಯದು ಜ್ಯಾಂಪ್. ಹುಡುಕುವಾಗ ಎಕ್ಸ್, ಎ, ಎಂ, ಪಿ, ಪಿ ಎಂಬ ಐದು ಅಕ್ಷರ ಟೈಪ್ ಮಾಡಿ, ಅಪಾಚೆ ಫ್ರೆಂಡ್ಸ್ ತಾಣದಿಂದಲೇ ತೆಗೆದುಕೊಳ್ಳಿ. ಇದರಲ್ಲಿ ಮುಖ್ಯವಾಗಿ ಮೂರು ಸಾಧನಗಳಿವೆ: ಪುಟಗಳನ್ನು ಬ್ರೌಸರಿಗೆ ಕೊಡುವ ಅಪಾಚೆ ಸರ್ವರ್, ಮಾಹಿತಿ ಜೋಡಿಸಿಡುವ ಡೇಟಾಬೇಸ್ ಆದ ಮರಿಯಾಡಿಬಿ, ಪುಟಗಳನ್ನು ತಯಾರಿಸುವ ಭಾಷೆ ಪಿಎಚ್‌ಪಿ. ಪಿಎಚ್‌ಪಿ 8.2 ಇರುವ ಆವೃತ್ತಿ ಸಾಕು.

ಎರಡನೆಯದು ವರ್ಡ್‌ಪ್ರೆಸ್ ಜಿಪ್ ಫೈಲ್. ಪ್ರೋಗ್ರಾಮಿಂಗ್ ಬಾರದವರೂ ಸೈಟ್ ಕಟ್ಟಬಹುದಾದ ತಂತ್ರಾಂಶ ಇದು. ವರ್ಡ್‌ಪ್ರೆಸ್‌ಗೆ ಕನ್ನಡ ತಾಣವೂ ಇದೆ, ಕನ್ನಡ ಆವೃತ್ತಿ ಅಲ್ಲೇ ಸಿಗುತ್ತದೆ. ಮೂರನೆಯದು ವಿಎಸ್ ಕೋಡ್, ಫೈಲ್ ತಿದ್ದುವ ಎಡಿಟರ್. ನಾಲ್ಕನೆಯದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್, 64 ಬಿಟ್‌ನದು. ಜ್ಯಾಂಪ್ ಹಾಕಿದ ಮೇಲೆ ವಿಸಿರನ್‌ಟೈಮ್ ಎಂಬ ಫೈಲ್ ಇಲ್ಲ ಎಂಬ ಸಂದೇಶ ಬಂದರೆ ಇದನ್ನು ಹಾಕಬೇಕಾಗುತ್ತದೆ. ಮನೆಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಪೇಟೆಗೆ ಹೋಗುವಂತಾಗಬಾರದು.

ಹೆಚ್ಚಿನವರು ಮರೆಯುವುದು ಥೀಮ್ ಮತ್ತು ಪ್ಲಗಿನ್‌ಗಳನ್ನು. ಥೀಮ್ ಎಂದರೆ ಸೈಟಿನ ಹೊರರೂಪ, ಪ್ಲಗಿನ್ ಎಂದರೆ ಹೆಚ್ಚುವರಿ ಸೌಲಭ್ಯ. ವರ್ಡ್‌ಪ್ರೆಸ್ ಇವನ್ನು ನೆಟ್ ಮೂಲಕ ತಾನೇ ತರಿಸಿಕೊಳ್ಳಲು ನೋಡುತ್ತದೆ, ಮನೆಯಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ವರ್ಡ್‌ಪ್ರೆಸ್ ತಾಣದಲ್ಲಿ ಪ್ರತಿಯೊಂದರ ಪುಟದಲ್ಲೂ ಡೌನ್‌ಲೋಡ್ ಗುಂಡಿ ಇರುತ್ತದೆ. ಎರಡು ಮೂರು ಥೀಮ್, ವಿಚಾರಣಾ ಫಾರಂನ ಒಂದು ಪ್ಲಗಿನ್, ಮುಂದೆ ಬೇಕಾಗುವ ಬೆಟರ್ ಸರ್ಚ್ ರಿಪ್ಲೇಸ್, ಇಷ್ಟನ್ನು ಜಿಪ್ ಆಗಿಯೇ ಇಟ್ಟುಕೊಳ್ಳಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಇವುಗಳಲ್ಲಿ ಒಂದು ಫಾಂಟನ್ನೂ ಇಳಿಸಿಕೊಳ್ಳಿ.

ಹೊರಡುವ ಮುನ್ನ ಪ್ರತಿ ಜಿಪ್ ಫೈಲನ್ನೂ ಒಮ್ಮೆ ತೆರೆದು ನೋಡಿ. ಸಿಗ್ನಲ್ ತುಂಡಾದಾಗ ಫೈಲ್ ಅರ್ಧವೇ ಇಳಿದಿರುವುದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಜ್ಯಾಂಪ್ ಫೈಲಿನ ಗಾತ್ರವನ್ನು ತಾಣದಲ್ಲಿ ತೋರಿಸಿದ ಗಾತ್ರದ ಜೊತೆ ಹೋಲಿಸಿ.

2. ಜ್ಯಾಂಪ್ ಹಾಕುವುದು

ಸಿ ಡ್ರೈವಿನಲ್ಲಿ ಅದು ತಾನಾಗಿ ಸೂಚಿಸುವ ಜ್ಯಾಂಪ್ ಫೋಲ್ಡರನ್ನೇ ಒಪ್ಪಿಕೊಳ್ಳಿ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ಅಲ್ಲಿ ಫೈಲ್ ಬರೆಯಲು ವಿಂಡೋಸ್ ಬಿಡುವುದಿಲ್ಲ. ಒನ್‌ಡ್ರೈವ್ ಫೋಲ್ಡರೂ ಬೇಡ. ಯಾವ ಭಾಗಗಳು ಬೇಕು ಎಂದು ಕೇಳಿದಾಗ ಅಪಾಚೆ, ಮೈಎಸ್‌ಕ್ಯುಎಲ್, ಪಿಎಚ್‌ಪಿ, ಪಿಎಚ್‌ಪಿಮೈಅಡ್ಮಿನ್ ಇವಿಷ್ಟಕ್ಕೆ ಟಿಕ್ ಇರಲಿ. ಫೈಲ್‌ಝಿಲಾ, ಮರ್ಕ್ಯುರಿ, ಟಾಮ್‌ಕ್ಯಾಟ್ ನಿಮಗೆ ಬೇಕಾಗಿಲ್ಲ. ಪಟ್ಟಿಯಲ್ಲಿ ಮೈಎಸ್‌ಕ್ಯುಎಲ್ ಎಂದು ಬರೆದಿದ್ದರೂ ಒಳಗಿರುವುದು ಅದರದೇ ವಂಶದ ಮರಿಯಾಡಿಬಿ. ಗೊಂದಲ ಬೇಡ.

ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದರೆ ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ ಕೊಡಿ, ಪಬ್ಲಿಕ್‌ಗೆ ಬೇಡ. ಜ್ಯಾಂಪ್‌ನ ಡೇಟಾಬೇಸಿಗೆ ಆರಂಭದಲ್ಲಿ ಪಾಸ್‌ವರ್ಡ್ ಇರುವುದೇ ಇಲ್ಲ.

3. ಚಾಲೂ ಮಾಡುವುದು

ಜ್ಯಾಂಪ್ ಕಂಟ್ರೋಲ್ ಪ್ಯಾನೆಲ್ ತೆರೆದು ಅಪಾಚೆ, ಮೈಎಸ್‌ಕ್ಯುಎಲ್ ಎರಡರ ಮುಂದೆಯೂ ಸ್ಟಾರ್ಟ್ ಒತ್ತಿ. ಎರಡೂ ಹಸಿರಾದರೆ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಲೋಕಲ್‌ಹೋಸ್ಟ್ ಎಂದು ಟೈಪ್ ಮಾಡಿ. ಲೋಕಲ್‌ಹೋಸ್ಟ್ ಎಂದರೆ ಈ ಕಂಪ್ಯೂಟರೇ. ನೆಟ್ ಪೂರ್ತಿ ಆಫ್ ಮಾಡಿದರೂ ಜ್ಯಾಂಪ್‌ನ ಸ್ವಾಗತ ಪುಟ ಬರಬೇಕು. ಆಫ್ ಮಾಡಿಯೇ ಪರೀಕ್ಷಿಸಿ.

ಅಪಾಚೆ ಹಸಿರಾಗಿ ಕೂಡಲೇ ನಿಂತರೆ ಕಾರಣ ಹೆಚ್ಚಾಗಿ ಪೋರ್ಟ್. ಒಂದೇ ಮನೆಗೆ ಹಲವು ಬಾಗಿಲಿದ್ದ ಹಾಗೆ ಕಂಪ್ಯೂಟರಿಗೆ ನಂಬರಿರುವ ಪೋರ್ಟ್‌ಗಳಿವೆ. ಅಪಾಚೆಗೆ 80 ಮತ್ತು 443 ಬೇಕು, ಡೇಟಾಬೇಸಿಗೆ 3306. ಅಷ್ಟರಲ್ಲೇ ಬೇರೆ ತಂತ್ರಾಂಶ ಅಲ್ಲಿ ನಿಂತಿದ್ದರೆ ಇವಕ್ಕೆ ಜಾಗವಿಲ್ಲ. ಪ್ಯಾನೆಲಿನ ನೆಟ್‌ಸ್ಟ್ಯಾಟ್ ಗುಂಡಿ ಒತ್ತಿದರೆ ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂಬುದು ಕಾಣುತ್ತದೆ. 80ರಲ್ಲಿ ಸಾಮಾನ್ಯವಾಗಿ ಸಿಗುವುದು ವಿಂಡೋಸಿನದೇ ವೆಬ್ ಸರ್ವರ್ ಆದ ಐಐಎಸ್, 443ರಲ್ಲಿ ವಿಎಂವೇರ್, 3306ರಲ್ಲಿ ಕಾಲೇಜಿನ ಲ್ಯಾಬ್ ಕೆಲಸಕ್ಕೆಂದು ಹಿಂದೆ ಹಾಕಿದ್ದ ಇನ್ನೊಂದು ಮೈಎಸ್‌ಕ್ಯುಎಲ್. ಹೀಗೆ ಪೋರ್ಟ್ ಹಿಡಿದಿರುವ ತಂತ್ರಾಂಶ ಬೇಡವಾಗಿದ್ದರೆ ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ ನಿಲ್ಲಿಸಿ. 80ರಲ್ಲಿರುವುದು ಬೇಕಾಗಿದ್ದರೆ ಅಪಾಚೆಯ ಮುಂದಿನ ಕಾನ್ಫಿಗ್ ಗುಂಡಿಯಿಂದ ಎಚ್‌ಟಿಟಿಪಿಡಿ ಕಾನ್ಫ್ ಫೈಲ್ ತೆರೆದು, ಲಿಸನ್ 80 ಇರುವಲ್ಲಿ 8080 ಮಾಡಿ, ಸರ್ವರ್‌ನೇಮ್ ಸಾಲಿನಲ್ಲೂ ಅದನ್ನೇ ಬರೆಯಿರಿ. ಆಮೇಲೆ ವಿಳಾಸವನ್ನು ಲೋಕಲ್‌ಹೋಸ್ಟ್, ಕೋಲನ್, 8080 ಎಂದು ಕೊಡಬೇಕು. ಪೋರ್ಟ್ ಬದಲಿಸುವುದಿದ್ದರೆ ಈಗಲೇ ಬದಲಿಸಿ. ವರ್ಡ್‌ಪ್ರೆಸ್ ಹಾಕಿದ ಮೇಲೆ ಬದಲಿಸಿದರೆ ಸೈಟ್ ತನ್ನ ಹಳೆಯ ವಿಳಾಸವನ್ನೇ ಹುಡುಕುತ್ತದೆ.

ಪಿಎಚ್‌ಪಿಯಲ್ಲಿ ಸಣ್ಣ ಕೆಲಸ ಬಾಕಿ ಇದೆ. ಕಾನ್ಫಿಗ್‌ನಿಂದಲೇ ಪಿಎಚ್‌ಪಿ ಐಎನ್‌ಐ ಫೈಲ್ ತೆರೆಯಿರಿ. ಎಕ್ಸ್‌ಟೆನ್ಶನ್ ಜಿಡಿ ಎಂಬ ಸಾಲಿನ ಮುಂದೆ ಅರೆವಿರಾಮ ಚಿಹ್ನೆ ಇದ್ದರೆ ಅಳಿಸಿ. ಅದು ಇದ್ದಷ್ಟು ಕಾಲ ಆ ಸಾಲು ಕೆಲಸ ಮಾಡುವುದಿಲ್ಲ, ಫೋಟೊಗಳ ಚಿಕ್ಕ ಪ್ರತಿಗಳೂ ತಯಾರಾಗುವುದಿಲ್ಲ. ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್ ಮತ್ತು ಪೋಸ್ಟ್ ಮ್ಯಾಕ್ಸ್ ಸೈಜ್ ಎರಡನ್ನೂ 64 ಎಂ ಮಾಡಿ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಇರಬಾರದು. ಫೈಲ್ ಉಳಿಸಿ, ಅಪಾಚೆಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿ.

4. ಡೇಟಾಬೇಸ್ ತೆರೆಯುವುದು

ಲೋಕಲ್‌ಹೋಸ್ಟ್ ಮುಂದೆ ಓರೆಗೆರೆ (ಸ್ಲ್ಯಾಶ್) ಹಾಕಿ ಪಿಎಚ್‌ಪಿಮೈಅಡ್ಮಿನ್ ಎಂದು ಕೊಟ್ಟರೆ ಡೇಟಾಬೇಸ್ ನೋಡಿಕೊಳ್ಳುವ ಪುಟ ಬರುತ್ತದೆ. ಹೊಸ ಡೇಟಾಬೇಸಿಗೆ ಹೋಂಸ್ಟೇ ಎಂಬಂಥ ಸರಳ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಕೊಡಿ. ಪಕ್ಕದ ಕೊಲೇಶನ್ ಪಟ್ಟಿಯಲ್ಲಿ ಯುಟಿಎಫ್8ಎಂಬಿ4 ಯೂನಿಕೋಡ್ ಸಿಐ ಆರಿಸಿ. ಅಕ್ಷರಗಳನ್ನು ಹೇಗೆ ಹೋಲಿಸಿ, ಹೇಗೆ ವಿಂಗಡಿಸಬೇಕು ಎಂಬ ನಿಯಮಕ್ಕೆ ಕೊಲೇಶನ್ ಎನ್ನುತ್ತಾರೆ, ಅಕ್ಷರ ಉಳಿಸುವ ಸಂಕೇತವೂ ಅದರ ಜೊತೆಗೇ ನಿಗದಿಯಾಗುತ್ತದೆ. ಇಲ್ಲಿ ಲ್ಯಾಟಿನ್1 ಎಂದಿದ್ದರೆ ಮುಂದೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕೂರಬಹುದು. ಒಮ್ಮೆ ಹಾಗೆ ಉಳಿದುಹೋದ ಬರಹವನ್ನು ಮರಳಿ ಪಡೆಯಲು ದಾರಿ ಇಲ್ಲ.

5. ವರ್ಡ್‌ಪ್ರೆಸ್ ಹಾಕುವುದು

ಜ್ಯಾಂಪ್ ಫೋಲ್ಡರಿನೊಳಗೆ ಎಚ್‌ಟಿಡಾಕ್ಸ್ ಎಂಬ ಫೋಲ್ಡರ್ ಇದೆ. ಅದರೊಳಗೆ ಹೋಂಸ್ಟೇ ಎಂಬ ಫೋಲ್ಡರ್ ಮಾಡಿ, ವರ್ಡ್‌ಪ್ರೆಸ್ ಜಿಪ್ಪಿನೊಳಗಿನ ಫೈಲ್‌ಗಳನ್ನು ನೇರವಾಗಿ ಅಲ್ಲಿ ಹಾಕಿ. ಜಿಪ್ ಬಿಚ್ಚಿದಾಗ ವರ್ಡ್‌ಪ್ರೆಸ್ ಎಂಬ ಇನ್ನೊಂದು ಫೋಲ್ಡರ್ ನಡುವೆ ಉಳಿದರೆ ವಿಳಾಸ ಉದ್ದವಾಗುತ್ತದೆ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಓರೆಗೆರೆ, ಹೋಂಸ್ಟೇ ತೆರೆಯಿರಿ. ಡೇಟಾಬೇಸ್ ಹೆಸರು ಹೋಂಸ್ಟೇ, ಬಳಕೆದಾರ ರೂಟ್, ಪಾಸ್‌ವರ್ಡ್ ಜಾಗ ಪೂರ್ತಿ ಖಾಲಿ, ಹೋಸ್ಟ್ ಲೋಕಲ್‌ಹೋಸ್ಟ್. ಪಾಸ್‌ವರ್ಡ್ ಜಾಗದಲ್ಲಿ ಏನಾದರೂ ಬರೆದಿದ್ದರೆ ಅಳಿಸಿ, ಅಳಿಸದೆ ಮುಂದೆ ಹೋದರೆ ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎಂಬ ದೂರು ಬರುತ್ತದೆ.

ಹಾಕಿ ಮುಗಿದ ಮೇಲೆ ವರ್ಡ್‌ಪ್ರೆಸ್‌ಗೆ ಲಾಗಿನ್ ಆಗಿ. ನೆಟ್ ಇಲ್ಲದೆ ಥೀಮ್ ಹಾಕಲು ಅಪಿಯರೆನ್ಸ್, ಥೀಮ್ಸ್, ಆಡ್ ನ್ಯೂ, ಅಪ್‌ಲೋಡ್ ಎಂಬ ದಾರಿಯಲ್ಲಿ ಜಿಪ್ ಫೈಲ್ ತೋರಿಸಿ. ಪ್ಲಗಿನ್‌ಗೂ ಹೀಗೆಯೇ.

6. ಅರೆಬರೆ ಸಿಗ್ನಲ್‌ನ ಕಾಟ ತಪ್ಪಿಸುವುದು

ನೆಟ್ ಪೂರ್ತಿ ಇಲ್ಲದಿದ್ದರೆ ವರ್ಡ್‌ಪ್ರೆಸ್ ಚೆನ್ನಾಗಿಯೇ ಓಡುತ್ತದೆ. ಕಷ್ಟ ಕೊಡುವುದು ಒಂದು ಕಡ್ಡಿ ಸಿಗ್ನಲ್. ಹೊಸ ಆವೃತ್ತಿ ಬಂದಿದೆಯೇ ಎಂದು ವರ್ಡ್‌ಪ್ರೆಸ್ ಆಗಾಗ ತನ್ನ ಮೂಲತಾಣವನ್ನು ಕೇಳುತ್ತದೆ. ಸಂಪರ್ಕ ಇದೆ ಅನ್ನಿಸುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಅದು ಕಾಯುತ್ತ ಕೂರುತ್ತದೆ, ನಿಮ್ಮ ಪುಟವೂ ಬಿಳಿಯಾಗಿ ಕಾಯುತ್ತದೆ. ಲ್ಯಾಪ್‌ಟಾಪ್ ಹಳೆಯದಾಯಿತು ಎಂದುಕೊಂಡು ಹೊಸದು ಕೊಳ್ಳಲು ಹೊರಡಬೇಡಿ.

ಪರಿಹಾರ ಒಂದೇ ಸಾಲು. ಹೋಂಸ್ಟೇ ಫೋಲ್ಡರಿನ ಡಬ್ಲ್ಯುಪಿ ಕಾನ್ಫಿಗ್ ಫೈಲನ್ನು ವಿಎಸ್ ಕೋಡಿನಲ್ಲಿ ತೆರೆಯಿರಿ. ಅಲ್ಲಿ ಡಿಫೈನ್ ಎಂದು ಆರಂಭವಾಗುವ ಸಾಲುಗಳಿವೆ. ಅಂಥದೇ ಒಂದು ಸಾಲು ಸೇರಿಸಿ, ಹೆಸರಿನ ಜಾಗದಲ್ಲಿ ಡಬ್ಲ್ಯುಪಿ ಎಚ್‌ಟಿಟಿಪಿ ಬ್ಲಾಕ್ ಎಕ್ಸ್‌ಟರ್ನಲ್ ಎಂದು ಎಲ್ಲ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಿರಿ. ಮೌಲ್ಯದ ಜಾಗದಲ್ಲಿ ಟ್ರೂ, ಅದಕ್ಕೆ ಉದ್ಧರಣ ಚಿಹ್ನೆ ಬೇಡ. ತಿದ್ದುವುದು ಇಲ್ಲಿಗೆ ಸಾಕು ಎಂದು ಇಂಗ್ಲಿಷ್‌ನಲ್ಲಿ ಬರೆದಿರುವ ಸಾಲಿಗಿಂತ ಮೇಲೆ ಇದು ಇರಬೇಕು, ಕೆಳಗಿದ್ದರೆ ಪ್ರಯೋಜನವಿಲ್ಲ. ಈಗ ವರ್ಡ್‌ಪ್ರೆಸ್ ಹೊರಗೆ ಯಾರನ್ನೂ ಕೇಳುವುದಿಲ್ಲ. ಪೇಟೆಯಲ್ಲಿ ಅಪ್‌ಡೇಟ್ ಮಾಡುವ ದಿನ ಟ್ರೂ ಬದಲು ಫಾಲ್ಸ್ ಮಾಡಿಕೊಳ್ಳಿ.

ಇನ್ನೆರಡು ಕಡೆ ಬ್ರೌಸರೇ ನೆಟ್ ಹುಡುಕುತ್ತದೆ. ಸೆಟ್ಟಿಂಗ್ಸ್‌ನ ಡಿಸ್ಕಶನ್ ಪುಟದಲ್ಲಿ ಅವತಾರ್ (ಬಳಕೆದಾರರ ಚಿಕ್ಕ ಚಿತ್ರ) ತೋರಿಸುವುದನ್ನು ಆಫ್ ಮಾಡಿ. ಥೀಮ್ ಗೂಗಲ್ ಫಾಂಟ್ಸ್‌ನಿಂದ ಅಕ್ಷರ ತರಿಸುತ್ತಿದ್ದರೆ ಅದನ್ನು ಬಿಡಿಸಿ, ನೀವು ಇಳಿಸಿದ ಫಾಂಟನ್ನೇ ಸೈಟಿಗೆ ಸೇರಿಸಿ. ಸೈಟ್ ನೆಟ್ಟಿಗೆ ಹೋದ ಮೇಲೂ ಇದು ಲಾಭವೇ: ದುರ್ಬಲ ಸಿಗ್ನಲ್‌ನಲ್ಲಿ ನೋಡುವ ಅತಿಥಿಗೆ ಪುಟ ಬೇಗ ತೆರೆಯುತ್ತದೆ.

7. ಕನ್ನಡ ಸರಿಯಾಗಿ ಕೂರಿಸುವುದು

ಸೆಟ್ಟಿಂಗ್ಸ್‌ನಲ್ಲಿ ಸೈಟ್ ಭಾಷೆ ಕನ್ನಡ ಎಂದಿರಲಿ. ಆಗ ಪುಟದ ಭಾಷೆ ಕನ್ನಡ ಎಂದು ಬ್ರೌಸರಿಗೂ ಹುಡುಕುತಾಣಗಳಿಗೂ ತಿಳಿಯುತ್ತದೆ. ಪರೀಕ್ಷೆಗೆ ಒಂದು ಪುಟ ಮಾಡಿ, ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನೇ ಬರೆಯಿರಿ: ಬ್ರಹ್ಮಗಿರಿ, ಪುಷ್ಪಗಿರಿ, ಇರ್ಪು, ಮಕ್ಕಂದೂರು. ಶೀರ್ಷಿಕೆಯಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಂಡರೆ ಲೈನ್ ಹೈಟ್ (ಸಾಲಿನ ಎತ್ತರ) ಸಾಲದು ಎಂದರ್ಥ. ಹೆಚ್ಚಿನ ಥೀಮ್‌ಗಳನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ತಕ್ಕಂತೆ 1.2ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಕನ್ನಡಕ್ಕೆ 1.6ರಿಂದ 1.8 ಬೇಕು.

ಹಳೆಯ ಕಡತಗಳಿಂದ ನಕಲು ಮಾಡುವವರು ಗಮನಿಸಿ. ಸಂಘಗಳ ವರದಿ, ಆಮಂತ್ರಣ ಎಲ್ಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ, ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಸೈಟಿನಲ್ಲಿ ದೋಷವಿಲ್ಲ, ಆ ಪಠ್ಯವೇ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ನುಡಿ, ಬರಹ ಎರಡಕ್ಕೂ ಯೂನಿಕೋಡ್ ಪರಿವರ್ತಕಗಳು ಸಿಗುತ್ತವೆ, ಮೊದಲು ಅದರಲ್ಲಿ ಪರಿವರ್ತಿಸಿ ಆಮೇಲೆ ಅಂಟಿಸಿ.

ಪುಟದ ವಿಳಾಸದ ಕೊನೆಯ ತುಣುಕಿಗೆ ಸ್ಲಗ್ ಎನ್ನುತ್ತಾರೆ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಸ್ಲಗ್ಗನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗಡೆ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಶೇಕಡಾ ಗುರುತು ಸೇರಿದ 9 ಅಕ್ಷರಗಳಾಗಿ ಉಳಿಯುತ್ತದೆ, ಸ್ಲಗ್ಗಿಗಿರುವ ಮಿತಿ 200. ಹಾಗಾಗಿ ಸುಮಾರು 22 ಚಿಹ್ನೆಗಳಿಗೇ ವಿಳಾಸ ತುಂಡಾಗುತ್ತದೆ. ಗುಣಿತದ ಗುರುತು, ಒತ್ತಕ್ಷರ ಜೋಡಿಸುವ ಹಲಂತ ಎಲ್ಲವೂ ಬೇರೆ ಬೇರೆ ಚಿಹ್ನೆಗಳಾದ್ದರಿಂದ ಮೂರ್ನಾಲ್ಕು ಪದಕ್ಕೇ ಮಿತಿ ಮುಗಿಯುತ್ತದೆ. ಸ್ಲಗ್ಗನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೈಯಾರೆ ಬರೆಯಿರಿ. ವಾಟ್ಸ್ಯಾಪ್‌ನಲ್ಲಿ ಕಳಿಸಿದಾಗಲೂ ಅದು ಅಚ್ಚುಕಟ್ಟಾಗಿ ಕಾಣುತ್ತದೆ.

ಫೋಟೊ ಫೈಲ್‌ಗಳ ಹೆಸರೂ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ, ಹೋಸ್ಟಿಂಗ್‌ನ ಲಿನಕ್ಸ್ ಸರ್ವರ್ ಮಾಡುತ್ತದೆ. ನಿಮ್ಮಲ್ಲಿ ಕಾಣುತ್ತಿದ್ದ ಫೋಟೊ ಅಲ್ಲಿ ಕಾಣೆಯಾಗಲು ಇದೇ ಕಾರಣ.

8. ಕರೆಂಟ್ ಹೋದರೆ ಡೇಟಾಬೇಸ್ ಉಳಿಸಿಕೊಳ್ಳುವುದು

ಡೇಟಾಬೇಸ್ ಬರೆಯುತ್ತಿರುವಾಗಲೇ ಯಂತ್ರ ಆರಿಹೋದರೆ ಫೈಲ್‌ಗಳು ಅರೆಬರೆಯಾಗಿ ಉಳಿಯುತ್ತವೆ. ಮುಂದಿನ ಬಾರಿ ಸ್ಟಾರ್ಟ್ ಒತ್ತಿದಾಗ ಮೈಎಸ್‌ಕ್ಯುಎಲ್ ಅನಿರೀಕ್ಷಿತವಾಗಿ ನಿಂತಿತು ಎಂಬ ಕೆಂಪು ಸಾಲು ಬರುತ್ತದೆ. ಲ್ಯಾಪ್‌ಟಾಪಿನವರೂ ಇದರಿಂದ ಹೊರತಲ್ಲ: ಜ್ಯಾಂಪ್ ನಿಲ್ಲಿಸದೆ ವಿಂಡೋಸ್ ಶಟ್‌ಡೌನ್ ಮಾಡಿದರೂ ಡೇಟಾಬೇಸ್ ಹಠಾತ್ತಾಗಿ ಕೊನೆಯಾಗಬಹುದು.

ದಿನದ ಕೆಲಸ ಮುಗಿದಾಗ ಮೊದಲು ಮೈಎಸ್‌ಕ್ಯುಎಲ್ ಸ್ಟಾಪ್, ಆಮೇಲೆ ಅಪಾಚೆ ಸ್ಟಾಪ್, ಆಮೇಲೆ ಪ್ಯಾನೆಲಿನ ಕ್ವಿಟ್. ಕಿಟಕಿಯ ಮೂಲೆಯ ಗುರುತು ಒತ್ತಿದರೆ ಪ್ಯಾನೆಲ್ ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ವಿಂಡೋಸಿನ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್‌ನಲ್ಲಿ ಕ್ರಿಟಿಕಲ್ ಬ್ಯಾಟರಿ ಆಕ್ಷನ್ ಎಂಬಲ್ಲಿ ಹೈಬರ್ನೇಟ್ ಆರಿಸಿ, ಆಗ ಬ್ಯಾಟರಿ ಮುಗಿಯುವ ಮುನ್ನ ಎಲ್ಲವೂ ಡಿಸ್ಕಿಗೆ ಉಳಿಯುತ್ತದೆ. ಹಳೆಯ ಬ್ಯಾಟರಿ ಶೇಕಡಾ 15 ತೋರಿಸುತ್ತಲೇ ಆರಿಹೋಗುವುದುಂಟು, ಅಂಥವರು ಕ್ರಿಟಿಕಲ್ ಮಟ್ಟವನ್ನು 20ಕ್ಕೆ ಏರಿಸಿ. ಡೆಸ್ಕ್‌ಟಾಪಿನ ಯುಪಿಎಸ್ ಇರುವುದು ಕೆಲಸ ಮುಂದುವರಿಸಲು ಅಲ್ಲ, ಎಲ್ಲ ನಿಲ್ಲಿಸಿ ಶಟ್‌ಡೌನ್ ಮಾಡಲು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ಗನ್ನೇ ಕಿತ್ತಿಡಿ.

ಇಷ್ಟಾದರೂ ಕೆಂಪು ಸಾಲು ಬಂದರೆ ಮೊದಲು 3306ರಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿ. ಇಲ್ಲದಿದ್ದರೆ ಈ ಕ್ರಮ:

ಜ್ಯಾಂಪ್ ಪೂರ್ತಿ ಮುಚ್ಚಿ. ಜ್ಯಾಂಪ್ ಒಳಗಿನ ಮೈಎಸ್‌ಕ್ಯುಎಲ್ ಫೋಲ್ಡರಿನಲ್ಲಿ ಡೇಟಾ ಎಂಬ ಫೋಲ್ಡರ್ ಇದೆ. ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅದಾಗದೆ ಮುಂದಕ್ಕೆ ಹೋಗಬೇಡಿ. ಈಗ ಡೇಟಾ ಫೋಲ್ಡರಿನ ಹೆಸರನ್ನು ಡೇಟಾ ಓಲ್ಡ್ ಎಂದು ಬದಲಿಸಿ. ಪಕ್ಕದಲ್ಲೇ ಇರುವ ಬ್ಯಾಕಪ್ ಫೋಲ್ಡರಿನ ಪ್ರತಿ ಮಾಡಿ, ಆ ಪ್ರತಿಗೆ ಡೇಟಾ ಎಂದು ಹೆಸರಿಡಿ. ಮೂಲ ಬ್ಯಾಕಪ್ ಮುಂದೆ ಮತ್ತೆ ಬೇಕಾದೀತು, ಹಾಗೆಯೇ ಇರಲಿ. ಡೇಟಾ ಓಲ್ಡ್‌ನಿಂದ ಎರಡನ್ನು ಮಾತ್ರ ಹೊಸ ಡೇಟಾಕ್ಕೆ ತನ್ನಿ: ನಿಮ್ಮ ಹೋಂಸ್ಟೇ ಫೋಲ್ಡರ್ ಮತ್ತು ಐಬಿಡೇಟಾ1 ಎಂಬ ಫೈಲ್. ಮೈಎಸ್‌ಕ್ಯುಎಲ್, ಪರ್ಫಾರ್ಮೆನ್ಸ್ ಸ್ಕೀಮಾ, ಪಿಎಚ್‌ಪಿಮೈಅಡ್ಮಿನ್ ಎಂಬ ಫೋಲ್ಡರ್‌ಗಳನ್ನು ತರಬೇಡಿ, ಸಾಮಾನ್ಯವಾಗಿ ಕೆಟ್ಟಿರುವುದು ಅವೇ. ಸ್ಟಾರ್ಟ್ ಒತ್ತಿ. ಹಸಿರಾದ ಕೂಡಲೇ ಬೇರೆ ಯಾವ ಕೆಲಸಕ್ಕೂ ಮುಂಚೆ 10ನೇ ಹಂತದಂತೆ ಬ್ಯಾಕಪ್ ತೆಗೆಯಿರಿ.

ಕೆಲವರು ಐಬಿಡೇಟಾ1 ಅಳಿಸಿದರೆ ಸರಿಯಾಗುತ್ತದೆ ಎಂದು ಸಲಹೆ ಕೊಡುತ್ತಾರೆ. ಅಳಿಸಿದರೆ ಮೈಎಸ್‌ಕ್ಯುಎಲ್ ಹಸಿರಾಗುತ್ತದೆ ನಿಜ, ನಿಮ್ಮ ಪುಟಗಳು ತೆರೆಯುವುದಿಲ್ಲ. ದಯವಿಟ್ಟು ಆ ಫೈಲನ್ನು ಯಾವತ್ತೂ ಅಳಿಸಬೇಡಿ.

9. ಫೋಟೊ ಮತ್ತು ನಿಧಾನ ನೆಟ್‌ನ ಪರೀಕ್ಷೆ

ಕ್ಯಾಮೆರಾದಿಂದ ಬಂದ 6, 8 ಎಂಬಿ ಫೋಟೊಗಳನ್ನು ಹಾಗೆಯೇ ಏರಿಸಬೇಡಿ. ಅಗಲ 1600 ಪಿಕ್ಸೆಲ್, ಗಾತ್ರ 200 ಕೆಬಿ ಆಸುಪಾಸಿಗೆ ಇಳಿಸಿ. 2021ರಲ್ಲಿ ಬಂದ 5.8 ಆವೃತ್ತಿಯಿಂದ ವರ್ಡ್‌ಪ್ರೆಸ್ ವೆಬ್‌ಪಿ ಫೋಟೊಗಳನ್ನೂ ಒಪ್ಪುತ್ತದೆ, ಅದೇ ಗುಣಮಟ್ಟಕ್ಕೆ ಜೆಪೆಗ್‌ಗಿಂತ ಗಾತ್ರ ಕಡಿಮೆ.

ಲ್ಯಾಪ್‌ಟಾಪಿನೊಳಗೆ ಸೈಟ್ ಯಾವಾಗಲೂ ವೇಗವಾಗಿಯೇ ಓಡುತ್ತದೆ, ಅದನ್ನು ನಂಬಿ ಕೂರಬಾರದು. ಕ್ರೋಮ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ವೇಗದ ಪಟ್ಟಿಯಲ್ಲಿ 3ಜಿ ಆರಿಸಿ ಪುಟವನ್ನು ಮತ್ತೆ ತೆರೆಯಿರಿ. ಘಾಟಿ ಹತ್ತುತ್ತ ನಿಮ್ಮ ನಂಬರ್ ಹುಡುಕುವ ಅತಿಥಿಗೆ ಸೈಟ್ ಕಾಣುವುದು ಹೀಗೆ. ಫೋನ್ ನಂಬರ್, ದಾರಿಯ ವಿವರ ಫೋಟೊಗಳಿಗಿಂತ ಮೊದಲೇ ಬರುವಂತೆ ಪುಟದ ಮೇಲ್ಭಾಗದಲ್ಲಿಡಿ. ಕಂಟ್ರೋಲ್, ಶಿಫ್ಟ್, ಎಂ ಒಟ್ಟಿಗೆ ಒತ್ತಿದರೆ ಮೊಬೈಲ್ ಅಳತೆಯಲ್ಲಿ ಕಾಣುತ್ತದೆ. ವಿಚಾರಣಾ ಫಾರಂನಿಂದ ಇಮೇಲ್ ಹೋಗುತ್ತಿಲ್ಲ ಎಂದು ಗಾಬರಿಯಾಗಬೇಡಿ, ಜ್ಯಾಂಪ್‌ನಿಂದ ಹೊರಗೆ ಮೇಲ್ ಹೋಗುವ ಏರ್ಪಾಡು ಇರುವುದಿಲ್ಲ.

10. ಬ್ಯಾಕಪ್

ಎರಡು ಭಾಗ, ಎರಡೂ ಬೇಕು. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಹೋಂಸ್ಟೇ ಡೇಟಾಬೇಸ್ ಆರಿಸಿ ಎಕ್ಸ್‌ಪೋರ್ಟ್, ಕ್ವಿಕ್, ಎಸ್‌ಕ್ಯುಎಲ್ ಕೊಟ್ಟರೆ ಒಂದು ಫೈಲ್ ಸಿಗುತ್ತದೆ, ಬರಹವೆಲ್ಲ ಅದರಲ್ಲಿದೆ. ಫೋಟೊ, ಥೀಮ್‌ಗಳು ಇರುವುದು ಎಚ್‌ಟಿಡಾಕ್ಸ್‌ನ ಹೋಂಸ್ಟೇ ಫೋಲ್ಡರಿನಲ್ಲಿ. ಎರಡಕ್ಕೂ ತಾರೀಖು ಸೇರಿಸಿ ಹೆಸರಿಟ್ಟು ಪೆನ್‌ಡ್ರೈವಿಗೆ ಹಾಕಿ. ಎಸ್‌ಕ್ಯುಎಲ್ ಫೈಲನ್ನು ವಿಎಸ್ ಕೋಡಿನಲ್ಲಿ ತೆರೆದು ಕನ್ನಡ ಕನ್ನಡವಾಗಿಯೇ ಕಾಣುತ್ತಿದೆಯೇ ನೋಡಿ. ಕಕ್ಕಡ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ಮನೆಯೊಳಗೆಲ್ಲ ಶೀತ ಇರುತ್ತದೆ. ಪೆನ್‌ಡ್ರೈವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ ಅಥವಾ ಆನ್‌ಲೈನ್‌ನಲ್ಲಿರಲಿ.

11. ಹೋಸ್ಟಿಂಗ್‌ಗೆ ಸಾಗಿಸುವುದು

ಹೋಸ್ಟಿಂಗ್ ಕೊಳ್ಳುವಾಗ ಪಿಎಚ್‌ಪಿ ಆವೃತ್ತಿ ನಿಮ್ಮಲ್ಲಿರುವುದಕ್ಕೆ ಹೊಂದುತ್ತದೆಯೇ ಕೇಳಿಕೊಳ್ಳಿ. ಈ ಕೆಲಸಕ್ಕೂ ಪೇಟೆಯ ನೆಟ್ ಬೇಕು. ಅಲ್ಲಿ ಹೊಸ ಡೇಟಾಬೇಸ್ ಮಾಡಿ ಎಸ್‌ಕ್ಯುಎಲ್ ಫೈಲನ್ನು ಇಂಪೋರ್ಟ್ ಮಾಡಿ, ಫೋಲ್ಡರನ್ನು ಏರಿಸಿ, ಡಬ್ಲ್ಯುಪಿ ಕಾನ್ಫಿಗ್‌ನಲ್ಲಿ ಡೇಟಾಬೇಸಿನ ಹೊಸ ಹೆಸರು, ಬಳಕೆದಾರ, ಪಾಸ್‌ವರ್ಡ್ ತುಂಬಿ. 6ನೇ ಹಂತದಲ್ಲಿ ಸೇರಿಸಿದ ಸಾಲನ್ನು ಅಳಿಸಿ. ಅದು ಉಳಿದರೆ ಭದ್ರತೆಯ ಅಪ್‌ಡೇಟ್‌ಗಳೇ ಬರುವುದಿಲ್ಲ.

ಸೈಟಿನ ವಿಳಾಸ ಈಗಲೂ ಲೋಕಲ್‌ಹೋಸ್ಟ್ ಎಂದೇ ಇರುತ್ತದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಆಪ್ಶನ್ಸ್ ಎಂದು ಕೊನೆಯಾಗುವ ಕೋಷ್ಟಕ ತೆರೆದು ಸೈಟ್‌ಯುಆರ್‌ಎಲ್, ಹೋಮ್ ಎಂಬ ಎರಡು ಸಾಲುಗಳಲ್ಲಿ ಹೊಸ ವಿಳಾಸ ಬರೆಯಿರಿ. ಆಗ ಲಾಗಿನ್ ಆಗಬಹುದು. ಒಳಗೆ ಹೋಗಿ ಬೆಟರ್ ಸರ್ಚ್ ರಿಪ್ಲೇಸ್‌ನಿಂದ ಉಳಿದ ಕಡೆಯ ಹಳೆಯ ವಿಳಾಸಗಳನ್ನು ಬದಲಿಸಿ. ಎಸ್‌ಕ್ಯುಎಲ್ ಫೈಲನ್ನೇ ಎಡಿಟರಿನಲ್ಲಿ ತೆರೆದು ಫೈಂಡ್ ರಿಪ್ಲೇಸ್ ಮಾಡುವ ಅಡ್ಡದಾರಿ ಹಿಡಿಯಬೇಡಿ. ವರ್ಡ್‌ಪ್ರೆಸ್ ಹಲವು ಸೆಟ್ಟಿಂಗ್‌ಗಳನ್ನು ಉಳಿಸುವಾಗ ಪಠ್ಯದ ಉದ್ದವನ್ನೂ ಜೊತೆಗೆ ಬರೆದಿಡುತ್ತದೆ. ವಿಳಾಸದ ಉದ್ದ ಬದಲಾಗಿ ಆ ಲೆಕ್ಕ ತಪ್ಪಿದರೆ ಆ ಸೆಟ್ಟಿಂಗ್‌ಗಳೆಲ್ಲ ಮಾಯ. ಪ್ಲಗಿನ್ ಆ ಲೆಕ್ಕವನ್ನೂ ಸರಿಪಡಿಸುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟ ತೆರೆದು ಏನೂ ಬದಲಿಸದೆ ಸೇವ್ ಒತ್ತಿ, ಇಲ್ಲವಾದರೆ ಮುಖಪುಟ ಬಿಟ್ಟು ಬೇರೆ ಪುಟಗಳು ಸಿಗದೇ ಇರಬಹುದು. ರೀಡಿಂಗ್ ಪುಟದಲ್ಲಿ ಹುಡುಕುತಾಣಗಳನ್ನು ದೂರವಿಡುವ ಟಿಕ್ ಇದ್ದರೆ ತೆಗೆಯಿರಿ. ಅಡ್ಮಿನ್ ಪಾಸ್‌ವರ್ಡನ್ನು ಉದ್ದನೆಯದಕ್ಕೆ ಬದಲಿಸಿ. ಕೊನೆಗೆ ಬೇರೆಯವರ ಮೊಬೈಲಿನಿಂದ ವಿಚಾರಣಾ ಫಾರಂ ತುಂಬಿ ಕಳಿಸಿ, ಇಮೇಲ್ ನಿಮ್ಮ ಇನ್‌ಬಾಕ್ಸಿಗೆ ಬಂತೇ, ಸ್ಪ್ಯಾಮ್‌ಗೆ ಬಿತ್ತೇ ನೋಡಿ. ಎರಡೂ ಕಡೆ ಇಲ್ಲದಿದ್ದರೆ ಮೇಲ್ ಖಾತೆಯ ಮೂಲಕ ಇಮೇಲ್ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಒಂದನ್ನು ಹಾಕಿ, ಹೋಸ್ಟಿಂಗ್‌ನವರು ಕೊಟ್ಟ ಮೇಲ್ ಖಾತೆಯ ವಿವರ ತುಂಬಿ, ಮತ್ತೆ ಕಳಿಸಿ ನೋಡಿ.